ಸಂದೇಶದ ತಂತಿಗೂ ಒಂದು ಕೋಡಿ



ಕೋಲಾರ ಜಿಲ್ಲೆಯವರಿಗೆ ಕೆರೆಯ ಕೋಡಿ ಎಂದರೇನೆಂದು ವಿವರಿಸಬೇಕಾಗಿಲ್ಲ. ಕೆರೆ ಕಟ್ಟಿದ ಹಿರಿಯರು ಏರಿಯನ್ನು ಎಷ್ಟೇ ಗಟ್ಟಿಯಾಗಿ ಹಾಕಿದರೂ, ಒಂದು ಬದಿಯಲ್ಲಿ ಏರಿಗಿಂತ ತಗ್ಗಾದ ಕಲ್ಲಿನ ಕಟ್ಟೆಯೊಂದನ್ನು ಬಿಟ್ಟಿರುತ್ತಾರೆ. ಕೆರೆ ತುಂಬಿದ ಮೇಲೆ ಬರುವ ನೀರು ಅದರ ಮೇಲೆ ಹರಿದುಹೋಗುತ್ತದೆ. ಕೆಜಿಎಫ್ ಪಟ್ಟಣಕ್ಕೆ ನೀರು ಕೊಟ್ಟ, ಪಾಲಾರ್ ನದಿಯ ಬೇತಮಂಗಲ ಕೆರೆಯನ್ನು ನೋಡಿದವರಿಗೆ ಇದು ಗೊತ್ತು. ಇನ್ನೊಂದು ಮಾತನ್ನೂ ನೆನಪಿಡಿ. ನಮ್ಮ ಸೀಮೆಯ ಕೆರೆಗಳು ಸರಪಳಿಯ ಹಾಗೆ ಒಂದರ ಕೆಳಗೊಂದು ಇವೆ. ಮೇಲಿನ ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ ಇಳಿಯುತ್ತದೆ. ಆ ಕೆಳಗಿನ ಕೆರೆಗೆ ಕೋಡಿ ಇಲ್ಲದಿದ್ದರೆ ಮೇಲಿನ ಏರಿ ಉಳಿದು ಕೆಳಗಿನ ಏರಿ ಒಡೆಯುತ್ತದೆ.

ಬ್ಯಾಟರಿಯಿಂದ ನಡೆಯುವ ಎಲೆಕ್ಟ್ರಾನಿಕ್ ಉಪಕರಣದ ಸಂದೇಶದ ತಂತಿಗಳನ್ನು ಅಧಿಕ ವೋಲ್ಟೇಜಿನಿಂದ ಕಾಪಾಡುವ ಬಗೆಯನ್ನು ಈ ಲೇಖನದಲ್ಲಿ ನೋಡೋಣ. ಇಡೀ ವಿಷಯ ಮೇಲಿನ ಎರಡು ಮಾತುಗಳಲ್ಲೇ ಅಡಗಿದೆ. ಉಕ್ಕಿ ಬಂದದ್ದಕ್ಕೆ ಒಂದು ದಾರಿ ಬೇಕು. ಆ ದಾರಿ ಎಲ್ಲಿ ಹೋಗಿ ಮುಟ್ಟುತ್ತದೆ ಎಂಬುದು ನಮಗೆ ತಿಳಿದಿರಬೇಕು.

ಚಿನ್ನದ ಗಣಿಗೆ ಬಂದ ತಂತಿ

ಚಿನ್ನದ ಗಣಿಯ ಊರಿಗೆ ಈ ಸಮಸ್ಯೆ ಹೊಸದಲ್ಲ. 1902ರ ಜೂನ್ 30ರಂದು ಕಾವೇರಿ ನದಿಯ ಶಿವನಸಮುದ್ರದಿಂದ ಕೋಲಾರ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಈ ಯೋಜನೆಯ ಹಿಂದೆ ಎ. ಸಿ. ಜೋಲಿ ದ ಲಾಟ್ಬಿನಿಯೇರ್ ಎಂಬ ಎಂಜಿನಿಯರರ ಶ್ರಮವಿತ್ತು. ತಂತಿಯ ದೂರ ಸುಮಾರು 92 ಮೈಲಿ, ಎಂದರೆ 148 ಕಿಲೋಮೀಟರ್. ವೋಲ್ಟೇಜು 35,000. ಆ ಕಾಲಕ್ಕೆ ಇದು ಜಗತ್ತಿನ ಅತಿ ಉದ್ದದ ವಿದ್ಯುತ್ ಲೈನುಗಳಲ್ಲಿ ಒಂದಾಗಿತ್ತು. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದದ್ದು 1905ರಲ್ಲಿ, ಗಣಿಗೆ ವಿದ್ಯುತ್ತು ಬಂದ ಮೂರು ವರ್ಷಗಳ ನಂತರ.

ಬಯಲಿನಲ್ಲಿ ಅಷ್ಟು ದೂರ ಚಾಚಿದ ತಂತಿಗೆ ಸಿಡಿಲಿನ ಭಯ ತಪ್ಪದು. ಅದಕ್ಕಾಗಿ ಆ ಕಾಲದ ಎಂಜಿನಿಯರರು ಲೈನಿಗೂ ಭೂಮಿಗೂ ನಡುವೆ ಲೋಹದ ತುಂಡುಗಳನ್ನು ಇಟ್ಟು, ಅವುಗಳ ಮಧ್ಯೆ ಕಿರಿದಾದ ಗಾಳಿಯ ಅಂತರ ಬಿಡುತ್ತಿದ್ದರು. ಎಂದಿನ ವೋಲ್ಟೇಜು ಆ ಅಂತರವನ್ನು ದಾಟಲಾರದು. ಸಿಡಿಲಿನ ವೋಲ್ಟೇಜು ಕಿಡಿಯಾಗಿ ಅದನ್ನು ದಾಟಿ ಭೂಮಿಗೆ ಇಳಿಯುತ್ತದೆ. ಯಂತ್ರಗಳು ಉಳಿಯುತ್ತವೆ. ಇದೇ ತತ್ವ ಇಂದು ಅಕ್ಕಿಕಾಳಿನಷ್ಟು ಗಾತ್ರದ ಬಿಡಿಭಾಗವಾಗಿ ಸರ್ಕೀಟ್ ಹಲಗೆಯ ಮೇಲೆ ಕುಳಿತಿದೆ.

ಸರಣಿ ಬಸ್ಸು ಎಂದರೇನು?

ಇದು ಬಂಗಾರಪೇಟೆಗೆ ಹೋಗುವ ಬಸ್ಸಲ್ಲ, ಆದರೂ ಹೆಸರಿನಲ್ಲಿ ಅರ್ಥವಿದೆ. ಹಲವರು ಹತ್ತಿ ಇಳಿಯುವ ಒಂದೇ ವಾಹನದಂತೆ, ಹಲವು ಉಪಕರಣಗಳು ಒಂದೇ ಜೊತೆ ತಂತಿಯನ್ನು ಹಂಚಿಕೊಂಡು ಮಾತನಾಡುತ್ತವೆ. ಸೊನ್ನೆ ಮತ್ತು ಒಂದುಗಳು ಸಾಲಾಗಿ, ಒಂದರ ಹಿಂದೊಂದು ಸಾಗುತ್ತವೆ. ಆದ್ದರಿಂದ ಅದು ಸರಣಿ. ತಂತಿಯ ಪ್ರತಿಯೊಂದು ನಿಲ್ದಾಣದಲ್ಲಿ, ಕಳಿಸುವ ಮತ್ತು ಪಡೆಯುವ ಎರಡೂ ಕೆಲಸ ಮಾಡುವ ಚಿಪ್ ಒಂದಿರುತ್ತದೆ. ಅದೇ ಟ್ರಾನ್ಸೀವರ್.

ಇಂಥ ಬಸ್ಸುಗಳಲ್ಲಿ ಎರಡು ಹೆಸರುವಾಸಿಯಾದವು. 1983ರಲ್ಲಿ ಪ್ರಮಾಣೀಕರಣಗೊಂಡ ಆರ್‌ಎಸ್-485 ಕಾರ್ಖಾನೆ, ಮೀಟರು, ಪಂಪುಗಳಲ್ಲಿ ಬಳಕೆಯಲ್ಲಿದೆ. 1986ರಲ್ಲಿ ಜರ್ಮನಿಯ ಬಾಷ್ ಕಂಪನಿ ಪರಿಚಯಿಸಿದ ಕ್ಯಾನ್ ಬಸ್ಸು ವಾಹನಗಳಲ್ಲಿದೆ. ಎರಡೂ ಜೊತೆ ತಂತಿಗಳ ನಡುವಣ ವ್ಯತ್ಯಾಸವನ್ನು ಓದುತ್ತವೆ. ಎರಡು ತಂತಿಗಳ ಮೇಲೂ ಒಂದೇ ಬಗೆಯ ಗದ್ದಲ ಬಂದರೆ ವ್ಯತ್ಯಾಸ ಬದಲಾಗದು, ಸಂದೇಶ ಕೆಡದು. ಆರ್‌ಎಸ್-485ರಲ್ಲಿ 0.2 ವೋಲ್ಟಿನ ವ್ಯತ್ಯಾಸವಿದ್ದರೂ ಚಿಪ್ ಗುರುತಿಸುತ್ತದೆ. 1,200 ಮೀಟರ್ ದೂರದವರೆಗೆ ಸಂದೇಶ ಹೋಗಬಲ್ಲದು.

ಆದರೆ ಈ ಸಹನೆಗೂ ಮಿತಿಯಿದೆ. ತನ್ನ ಗ್ರೌಂಡಿಗೆ ಹೋಲಿಸಿದರೆ ತಂತಿಯ ವೋಲ್ಟೇಜು ಮೈನಸ್ 7ರಿಂದ ಪ್ಲಸ್ 12ರ ಒಳಗಿರುವಾಗ ಆರ್‌ಎಸ್-485 ಚಿಪ್ ಸರಿಯಾಗಿ ಕೆಲಸ ಮಾಡಬೇಕೆಂಬುದು ನಿಯಮ. ಹಳೆಯ ಬಗೆಯ ಚಿಪ್‌ಗಳಲ್ಲಿ ಕೆಲವಕ್ಕೆ ಇದರ ಮೇಲೆ ಒಂದೆರಡು ವೋಲ್ಟ್ ಹೆಚ್ಚಾದರೂ ಅಪಾಯ.

ಅಧಿಕ ವೋಲ್ಟೇಜು ಎಲ್ಲಿಂದ ಬರುತ್ತದೆ?

"ನನ್ನ ಉಪಕರಣಕ್ಕೆ ಮೂರು ಸೆಲ್ಲು ಹಾಕಿದ್ದೇನೆ, ಇರುವುದೇ 4.5 ವೋಲ್ಟ್, ಭಯವೇಕೆ?" ಎಂದು ನೀವು ಕೇಳಬಹುದು. ಮೇಜಿನ ಮೇಲೆ ಒಂಟಿಯಾಗಿರುವ ಪೆಟ್ಟಿಗೆಗೆ ಭಯ ಕಡಿಮೆ, ನಿಜ. ಅದಕ್ಕೆ ಉದ್ದನೆಯ ತಂತಿ ಜೋಡಿಸಿದ ಕ್ಷಣದಿಂದ ಹೊರಗಿನ ಪ್ರಪಂಚ ಒಳಗೆ ಬರಲು ಬಾಗಿಲು ತೆರೆದಂತೆ.

ಮೊದಲನೆಯ ಮೂಲ ನಿಮ್ಮ ಕೈ. ಒಣ ಹವೆಯಲ್ಲಿ ನೈಲಾನ್ ಬಟ್ಟೆ ತೊಟ್ಟು ಓಡಾಡಿದವರ ದೇಹದಲ್ಲಿ ಹಲವು ಸಾವಿರ ವೋಲ್ಟಿನ ಸ್ಥಿರ ವಿದ್ಯುತ್ತು ಕೂಡುತ್ತದೆ. ಬೆರಳು ತಂತಿಗೆ ತಗುಲಿದಾಗ ಅದು ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗದಷ್ಟು ಹೊತ್ತಿನಲ್ಲಿ ಜಿಗಿಯುತ್ತದೆ.

ಎರಡನೆಯದು ಸಿಡಿಲು. ನೇರವಾಗಿ ಬಡಿಯಬೇಕೆಂದೇನಿಲ್ಲ. ಸಮೀಪದಲ್ಲಿ ಎಲ್ಲೋ ಬಿದ್ದರೂ ಉದ್ದ ತಂತಿಯಲ್ಲಿ ವೋಲ್ಟೇಜು ಪ್ರೇರಣೆಯಾಗುತ್ತದೆ. ಇದು ಸೆಕೆಂಡಿನ ಹತ್ತು ಲಕ್ಷದಲ್ಲಿ ಕೆಲವು ಹತ್ತಾರು ಭಾಗಗಳಷ್ಟು ಕಾಲ ಇರುತ್ತದೆ.

ಮೂರನೆಯದು ವಾಹನಗಳಲ್ಲಿ ಕಂಡುಬರುತ್ತದೆ. 1964ರಲ್ಲಿ ಸ್ಥಾಪನೆಯಾದ ಬಿಇಎಂಎಲ್ ಸಂಸ್ಥೆಯ ಕೆಜಿಎಫ್ ಕಾರ್ಖಾನೆ ಬುಲ್ಡೋಜರ್, ಎಕ್ಸ್‌ಕವೇಟರ್‌ಗಳಿಗೆ ಹೆಸರಾಗಿದೆ. ಇಂಥ ಭಾರಿ ಯಂತ್ರಗಳಲ್ಲಿ 24 ವೋಲ್ಟಿನ ಬ್ಯಾಟರಿ ಸಾಮಾನ್ಯ. ಆಲ್ಟರ್ನೇಟರು ಬ್ಯಾಟರಿಯನ್ನು ಚಾರ್ಜು ಮಾಡುತ್ತಿರುವಾಗ ಬ್ಯಾಟರಿಯ ತಂತಿ ತಟ್ಟನೆ ಕಳಚಿಕೊಂಡರೆ ಆಲ್ಟರ್ನೇಟರು ಆ ಕ್ಷಣದಲ್ಲಿ ನಿಲ್ಲಲಾರದು. ಹೋಗಲು ಜಾಗವಿಲ್ಲದ ಕರೆಂಟು ವೋಲ್ಟೇಜನ್ನು ಏರಿಸುತ್ತದೆ. ರಕ್ಷಣೆ ಇಲ್ಲದ 24 ವೋಲ್ಟ್ ವ್ಯವಸ್ಥೆಯಲ್ಲಿ ಇದು 151ರಿಂದ 202 ವೋಲ್ಟಿನವರೆಗೆ ಹೋಗಬಹುದೆಂದು ಅಂತರರಾಷ್ಟ್ರೀಯ ಪ್ರಮಾಣ ಗ್ರಂಥವು ಪರೀಕ್ಷೆಗೆ ಗೊತ್ತುಪಡಿಸಿದೆ. ಕಾಲ 100ರಿಂದ 350 ಮಿಲಿಸೆಕೆಂಡು. ಸಿಡಿಲಿನ ಪ್ರೇರಣೆಗೆ ಹೋಲಿಸಿದರೆ ಇದು ಬಹಳ ದೀರ್ಘ.

ನಾಲ್ಕನೆಯದು ತಪ್ಪು ಜೋಡಣೆ. 24 ವೋಲ್ಟಿನ ತಂತಿಯನ್ನು ಸಂದೇಶದ ತಿರುಪಿಗೆ ಬಿಗಿಯುವುದು, ಅಥವಾ ಪಕ್ಕದ ತಂತಿಯ ಹೊದಿಕೆ ಸವೆದು ತಗುಲುವುದು. ಇದು ಯಾರಾದರೂ ಬಂದು ನೋಡುವವರೆಗೆ ಗಂಟೆಗಟ್ಟಲೆ ಇರುತ್ತದೆ.

ಚಿಪ್ಪಿನೊಳಗೆ ಆಗುವುದು ಎರಡು ಬಗೆಯ ಕೇಡು. ಅತಿ ತೆಳುವಾದ ನಿರೋಧಕ ಪದರ ತೂತಾಗಿ ಚಿಪ್ ಸಾಯುತ್ತದೆ. ಇಲ್ಲವೇ ಒಳಗಿನ ಪದರಗಳು ಸೇರಿ ತಾವಾಗಿಯೇ ಒಂದು ಸ್ವಿಚ್ಚಿನಂತೆ ವರ್ತಿಸಿ, ಬ್ಯಾಟರಿಯ ಎರಡು ತುದಿಗಳನ್ನು ಬೆಸೆದುಬಿಡುತ್ತವೆ. ಇದಕ್ಕೆ ಲ್ಯಾಚ್-ಅಪ್ ಎಂದು ಹೆಸರು. ಅಧಿಕ ವೋಲ್ಟೇಜು ಹೊರಟುಹೋದರೂ ಈ ಸ್ವಿಚ್ಚು ಬಿಡದು. ಬ್ಯಾಟರಿ ತೆಗೆಯುವವರೆಗೆ ಚಿಪ್ ಬಿಸಿಯಾಗುತ್ತಲೇ ಇರುತ್ತದೆ.

ಕೋಡಿಯಾಗುವ ಡಯೋಡು

ಜೀನರ್ ಡಯೋಡನ್ನು ನೀವು ಪಿಯುಸಿ ಪ್ರಯೋಗಶಾಲೆಯಲ್ಲಿ ನೋಡಿರುತ್ತೀರಿ. ಗೊತ್ತಾದ ವೋಲ್ಟೇಜಿನವರೆಗೆ ಅದು ಮುಚ್ಚಿದ ಬಾಗಿಲು, ಅದನ್ನು ಮೀರಿದರೆ ತೆರೆದ ಬಾಗಿಲು. ಅದರ ಹತ್ತಿರದ ಬಂಧುವೇ ಟಿವಿಎಸ್ ಡಯೋಡು. ಮೊಪೆಡ್ಡಿನ ಹೆಸರಿಗೂ ಇದಕ್ಕೂ ಸಂಬಂಧವಿಲ್ಲ. ಕ್ಷಣಮಾತ್ರ ಬಂದುಹೋಗುವ ಭಾರಿ ಕರೆಂಟನ್ನು ನುಂಗಲೆಂದೇ ಇದನ್ನು ತಯಾರಿಸುತ್ತಾರೆ. ಸಂದೇಶದ ತಂತಿಗೂ ಗ್ರೌಂಡಿಗೂ ನಡುವೆ ಇದನ್ನು ಇಟ್ಟರೆ ಕೋಡಿ ಸಿದ್ಧ. ಆರ್‌ಎಸ್-485ಗೆಂದೇ ಒಂದು ಕಡೆ 12, ಇನ್ನೊಂದು ಕಡೆ 7 ವೋಲ್ಟಿಗೆ ಹೊಂದಿಸಿದ ಟಿವಿಎಸ್ ಡಯೋಡುಗಳು ಸಿಗುತ್ತವೆ.

ಕೋಡಿಯ ಎತ್ತರವನ್ನು ಆರಿಸುವಾಗ ಎರಡು ಕಡೆ ನೋಡಬೇಕು. ತೀರ ತಗ್ಗಾದರೆ ಎಂದಿನ ಸಂದೇಶವೇ ಹರಿದುಹೋಗುತ್ತದೆ. ತೀರ ಎತ್ತರವಾದರೆ ಏರಿ ಮೊದಲು ಒಡೆಯುತ್ತದೆ. ಮೇಲಾಗಿ, ಕೋಡಿಯ ಮೇಲೆ ನೀರು ಹರಿಯುವಾಗ ಕೆರೆಯ ಮಟ್ಟ ಕೋಡಿಗಿಂತ ತುಸು ಮೇಲಿರುತ್ತದಲ್ಲವೇ? ಹಾಗೆಯೇ 12 ವೋಲ್ಟಿನ ಟಿವಿಎಸ್ ಡಯೋಡಿನಲ್ಲಿ ಹತ್ತಾರು ಆಂಪಿಯರ್ ಹರಿಯುವಾಗ ಅದರ ಮೇಲಿನ ವೋಲ್ಟೇಜು 20ನ್ನು ದಾಟುತ್ತದೆ. ಆದ್ದರಿಂದ ಡಯೋಡಿಗೂ ಚಿಪ್ಪಿಗೂ ನಡುವೆ 10 ಓಮಿನಷ್ಟು ರೋಧಕ ಇಡುವುದು ವಾಡಿಕೆ. ಕೋಡಿಯ ದಾರಿ ಸುಲಭ, ಚಿಪ್ಪಿನ ದಾರಿ ಕಷ್ಟ. ಕರೆಂಟು ಸುಲಭದ ದಾರಿಯಲ್ಲೇ ಹೆಚ್ಚಾಗಿ ಹೋಗುತ್ತದೆ.

ಡಯೋಡನ್ನು ಎಲ್ಲಿ ಇಡಬೇಕೆಂಬುದೂ ಮುಖ್ಯ. ಸ್ಥಿರ ವಿದ್ಯುತ್ತಿನ ಪರೀಕ್ಷೆಯಲ್ಲಿ, 8,000 ವೋಲ್ಟಿನ ಸ್ಪರ್ಶಕ್ಕೆ, ಸುಮಾರು 1 ನ್ಯಾನೋಸೆಕೆಂಡಿನಲ್ಲಿ 30 ಆಂಪಿಯರ್ ಏರುತ್ತದೆ. ಹಲಗೆಯ ಮೇಲಿನ 1 ಸೆಂಟಿಮೀಟರ್ ತಾಮ್ರದ ಎಳೆಗೆ ಸುಮಾರು 10 ನ್ಯಾನೋಹೆನ್ರಿ ಪ್ರೇರಕತ್ವವಿರುತ್ತದೆ. ಪ್ರೇರಕತ್ವವನ್ನು ಕರೆಂಟು ಏರುವ ವೇಗದಿಂದ ಗುಣಿಸಿ ನೋಡಿ, 300 ವೋಲ್ಟ್ ಬರುತ್ತದೆ! ಡಯೋಡು ಎಷ್ಟೇ ಉತ್ತಮವಾಗಿದ್ದರೂ ಅದರ ಕಾಲಿನಿಂದ ಗ್ರೌಂಡಿಗೆ ಹೋಗುವ ಎಳೆ 1 ಸೆಂಟಿಮೀಟರ್ ಉದ್ದವಾದರೆ ಇಷ್ಟು ವೋಲ್ಟೇಜು ಕೂಡಿಕೊಳ್ಳುತ್ತದೆ. ಆದ್ದರಿಂದ ಡಯೋಡು ತಂತಿ ಒಳಬರುವ ಬಾಗಿಲಲ್ಲೇ ಇರಬೇಕು. ಅದರ ಗ್ರೌಂಡಿನ ದಾರಿ ಅಗಲವಾಗಿ, ಗಿಡ್ಡವಾಗಿ ಇರಬೇಕು.

ಬ್ಯಾಟರಿ ಎಂಬ ಕೆಳಗಿನ ಕೆರೆ

ಈಗ ಬ್ಯಾಟರಿ ಉಪಕರಣದ ವಿಶೇಷ ತೊಡಕಿಗೆ ಬರೋಣ. ಆಂಡರ್ಸನ್‌ಪೇಟೆಯ ಮನೆಯೊಂದರಲ್ಲಿ ಕಾಲೇಜು ವಿದ್ಯಾರ್ಥಿನಿಯೊಬ್ಬಳು ಮಾಳಿಗೆಯ ತೊಟ್ಟಿಯ ನೀರಿನ ಮಟ್ಟ ತಿಳಿಸುವ ಪೆಟ್ಟಿಗೆ ತಯಾರಿಸಿದ್ದಾಳೆ ಎಂದು ಭಾವಿಸೋಣ. ಮೂರು ಸೆಲ್ಲುಗಳು, ಅವುಗಳಿಂದ 3.3 ವೋಲ್ಟ್ ಕೊಡುವ ರೆಗ್ಯುಲೇಟರು, ಒಂದು ಮೈಕ್ರೋಕಂಟ್ರೋಲರು. ಸೆಲ್ಲು ಬಹುಕಾಲ ಬರಲೆಂದು ಪೆಟ್ಟಿಗೆ ಹೆಚ್ಚು ಹೊತ್ತು ನಿದ್ರಿಸುತ್ತದೆ. ಆಗ ಅದಕ್ಕೆ ಬೇಕಾದ ಕರೆಂಟು 10 ಮೈಕ್ರೋಆಂಪಿಯರ್ ಮಾತ್ರ. ಖರ್ಚು ಉಳಿಸಲು ಅವಳು ಟ್ರಾನ್ಸೀವರನ್ನು ಬಿಟ್ಟು, ಮೈಕ್ರೋಕಂಟ್ರೋಲರಿನ 3.3 ವೋಲ್ಟಿನ ಸಂದೇಶದ ಕಾಲನ್ನೇ ನೇರವಾಗಿ ಕೆಳಗಿನ ಕೋಣೆಗೆ ಎಳೆದಿದ್ದಾಳೆ. ರಕ್ಷಣೆಗೆಂದು ಪುಸ್ತಕದಲ್ಲಿ ಸಾಮಾನ್ಯವಾಗಿ ಕಾಣುವ ಉಪಾಯವನ್ನು ಮಾಡಿದ್ದಾಳೆ. 100 ಓಮಿನ ಒಂದು ರೋಧಕ, ಮತ್ತು ತಂತಿಯಿಂದ 3.3 ವೋಲ್ಟಿನ ಹಳಿಗೆ ಒಂದು ಡಯೋಡು. ತಂತಿಯ ವೋಲ್ಟೇಜು ಏರಿದರೆ ಅದು ಡಯೋಡಿನ ಮೂಲಕ ಹಳಿಗೆ ಹರಿದುಹೋಗಲಿ ಎಂಬುದು ಲೆಕ್ಕಾಚಾರ.

ಒಂದು ದಿನ ಪಕ್ಕದ ಪಂಪು ನಿಯಂತ್ರಕದ 24 ವೋಲ್ಟ್ ತಂತಿ ಈ ತಂತಿಗೆ ತಗುಲುತ್ತದೆ. ಓಮನ ನಿಯಮದಂತೆ ಲೆಕ್ಕ ಹಾಕಿ. 24ರಿಂದ ಹಳಿಯ 3.3ನ್ನೂ ಡಯೋಡಿನ 0.7ನ್ನೂ ಕಳೆದರೆ 20 ವೋಲ್ಟ್. ಅದನ್ನು 100 ಓಮಿನಿಂದ ಭಾಗಿಸಿದರೆ 0.2 ಆಂಪಿಯರ್. ಈ ಕರೆಂಟು ಹಳಿಗೆ ಬಂತು. ಮುಂದೆ ಎಲ್ಲಿಗೆ ಹೋಗಬೇಕು?

ನಿದ್ರಿಸುವ ಉಪಕರಣ ತೆಗೆದುಕೊಳ್ಳುವುದು 10 ಮೈಕ್ರೋಆಂಪಿಯರ್, ಬಂದದ್ದರ ಇಪ್ಪತ್ತು ಸಾವಿರದಲ್ಲೊಂದು ಭಾಗ. ಸಾಮಾನ್ಯ ರೆಗ್ಯುಲೇಟರು ಕರೆಂಟನ್ನು ಕೊಡಬಲ್ಲದು, ಆದರೆ ಉಕ್ಕಿದ್ದನ್ನು ಎಳೆದುಕೊಂಡು ಹಳಿಯನ್ನು 3.3ಕ್ಕೆ ಇಳಿಸಲಾರದು. ಹಳಿಯ ಮೇಲಿನ 100 ಮೈಕ್ರೋಫ್ಯಾರಡ್ ಕೆಪಾಸಿಟರು ತುಂಬತೊಡಗುತ್ತದೆ. 0.2 ಆಂಪಿಯರಿಗೆ ಅದರ ವೋಲ್ಟೇಜು ಪ್ರತಿ ಮಿಲಿಸೆಕೆಂಡಿಗೆ 2 ವೋಲ್ಟಿನಂತೆ ಏರುತ್ತದೆ. ಇಂಥ ಚಿಪ್‌ಗಳಲ್ಲಿ ಹಲವಕ್ಕೆ 4 ವೋಲ್ಟ್ ತಡೆಯುವುದೇ ಹೆಚ್ಚು. ಅರ್ಧ ಮಿಲಿಸೆಕೆಂಡು ಕಳೆಯುವಷ್ಟರಲ್ಲಿ ಆ ಗೆರೆ ದಾಟಿಹೋಗುತ್ತದೆ. ಸಂದೇಶದ ಕಾಲನ್ನು ಉಳಿಸಲು ಹೋಗಿ ಹಳಿಯ ಮೇಲಿದ್ದ ಎಲ್ಲ ಚಿಪ್‌ಗಳನ್ನೂ ಕಳೆದುಕೊಂಡಂತಾಯಿತು. ಮೇಲಿನ ಕೆರೆಯ ಕೋಡಿ ಕೆಳಗಿನ ಕೆರೆಯನ್ನು ಒಡೆಯಿತು.

ಹಳಿಗೆ ರೆಗ್ಯುಲೇಟರಿಲ್ಲದೆ ನೇರವಾಗಿ ಸೆಲ್ಲನ್ನೇ ಜೋಡಿಸಿದ್ದರೆ ಇನ್ನೂ ಕೆಡುಕು. ಗುಂಡಿಯಾಕಾರದ ಲಿಥಿಯಂ ಸೆಲ್ಲನ್ನು ಚಾರ್ಜು ಮಾಡಲೇಬಾರದು. ಚಾರ್ಜು ಮಾಡಬಹುದಾದ ಸಾಮಾನ್ಯ ಲಿಥಿಯಂ-ಅಯಾನ್ ಸೆಲ್ಲನ್ನೂ 4.2 ವೋಲ್ಟಿಗಿಂತ ಮೇಲೆ ತಳ್ಳಬಾರದು. ಮೀರಿದರೆ ಸೆಲ್ಲು ಉಬ್ಬಿ, ಸೋರಿ, ಬೆಂಕಿ ಹತ್ತಲೂಬಹುದು. ಇಲ್ಲಿ ಪಣಕ್ಕಿರುವುದು ನೂರು ರೂಪಾಯಿಯ ಚಿಪ್ ಮಾತ್ರವಲ್ಲ, ಮನೆಯವರ ಸುರಕ್ಷತೆ.

ಆದ್ದರಿಂದ ಬ್ಯಾಟರಿ ಉಪಕರಣದಲ್ಲಿ ಉಕ್ಕಿದ್ದನ್ನು ಹಳಿಗೆ ಕಳಿಸದೆ ಗ್ರೌಂಡಿಗೆ ಕಳಿಸಬೇಕು. ಟಿವಿಎಸ್ ಡಯೋಡು ಮಾಡುವುದು ಅದನ್ನೇ. ಆರ್‌ಎಸ್-485 ಟ್ರಾನ್ಸೀವರನ್ನು ಬಳಸಿದರಂತೂ ಹಳಿಯ ಉಪಾಯ ಹೊಂದುವುದೇ ಇಲ್ಲ. 12 ವೋಲ್ಟಿನವರೆಗೆ ಸಹಿಸಬೇಕಾದ ತಂತಿಯನ್ನು 4 ವೋಲ್ಟಿನಲ್ಲೇ ಹಿಡಿದುಹಾಕಿದಂತಾಗುತ್ತದೆ.

ಹಳಿಗೂ ಒಂದು ಜೀನರ್ ಹಾಕಿ ಕೆಳಗಿನ ಕೆರೆಗೂ ಕೋಡಿ ಮಾಡಬಹುದಲ್ಲವೇ? ಮಾಡಬಹುದು, ಆದರೆ ಸೋರಿಕೆಯನ್ನು ನೋಡಿಕೊಳ್ಳಿ. ಕಡಿಮೆ ವೋಲ್ಟೇಜಿನ ಜೀನರ್ ಬಾಗಿಲು ಬಿಗಿಯಾಗಿ ಮುಚ್ಚುವುದಿಲ್ಲ. ಅದು ಸದಾ 50 ಮೈಕ್ರೋಆಂಪಿಯರ್ ಸೋರಿದರೆ ವರ್ಷಕ್ಕೆ 438 ಮಿಲಿಆಂಪಿಯರ್-ಗಂಟೆ. 2,000 ಮಿಲಿಆಂಪಿಯರ್-ಗಂಟೆಯ ಸೆಲ್ಲಿನಲ್ಲಿ ಐದರಲ್ಲೊಂದು ಪಾಲಿಗಿಂತ ಹೆಚ್ಚು ಕಾವಲುಗಾರನ ಕೂಲಿಗೇ ಹೋಯಿತು! ಆದ್ದರಿಂದ ಡಯೋಡು ಕೊಳ್ಳುವಾಗ ಅದರ ಮಾಹಿತಿ ಹಾಳೆಯಲ್ಲಿ ಸೋರಿಕೆಯ ಅಂಕಿಯನ್ನು ಓದಿ.

ಮಳೆಗೆ ಕೋಡಿ, ಹೊಳೆಗೆ ತೂಬು

ಕೋಡಿ ಇರುವುದು ಮಳೆಯ ಉಕ್ಕಿಗೆ. ಹೊಳೆಯನ್ನೇ ತಿರುಗಿಸಿ ತಂದು ಬಿಟ್ಟರೆ ಕೋಡಿಯ ಕಲ್ಲೂ ಕಿತ್ತುಹೋಗುತ್ತದೆ. 600 ವಾಟ್ ಎಂದು ಬರೆದ ಟಿವಿಎಸ್ ಡಯೋಡು ಅಷ್ಟನ್ನು ತಡೆಯುವುದು ಸುಮಾರು ಒಂದು ಮಿಲಿಸೆಕೆಂಡಿನ ಕಾಲ ಮಾತ್ರ. 24 ವೋಲ್ಟಿನ ತಂತಿ 10 ಓಮಿನ ಮೂಲಕ ತಗುಲಿಕೊಂಡೇ ಇದ್ದು, ಡಯೋಡು 15 ವೋಲ್ಟಿನಲ್ಲಿ ಹಿಡಿದರೆ ಅದರಲ್ಲಿ 0.9 ಆಂಪಿಯರ್ ಹರಿಯುತ್ತದೆ. ಎಂದರೆ 13.5 ವಾಟ್ ಶಾಖ. ಅಕ್ಕಿಕಾಳಿನ ಗಾತ್ರದ ವಸ್ತು ಅದನ್ನು ತಾಳದು.

ಇದಕ್ಕೆ ಎರಡು ಪರಿಹಾರಗಳಿವೆ. ಒಂದು, ಡಯೋಡಿಗಿಂತ ಮೊದಲು ಪಿಟಿಸಿ ಫ್ಯೂಸು ಇಡುವುದು. ಬಿಸಿಯಾದಂತೆ ಇದರ ರೋಧ ಬಹುಪಾಲು ಏರಿ, ಕೆರೆಯ ತೂಬು ಮುಚ್ಚಿದಂತೆ ಕರೆಂಟನ್ನು ಕಟ್ಟಿಹಾಕುತ್ತದೆ. ತಪ್ಪು ಸರಿಪಡಿಸಿ ತಣ್ಣಗಾದರೆ ಮತ್ತೆ ತೆರೆಯುತ್ತದೆ. ಆದರೆ ಅದು ನಿಧಾನದ ಆಳು, ಅದು ಎಚ್ಚರಗೊಳ್ಳುವವರೆಗೆ ಡಯೋಡು ಬದುಕಿರಬೇಕು. ಎರಡನೆಯದು, ಏರಿಯನ್ನೇ ಎತ್ತರಿಸುವುದು. ಪ್ಲಸ್ ಅಥವಾ ಮೈನಸ್ 60 ವೋಲ್ಟ್ ತಗುಲಿದರೂ ಕೆಡದ ಟ್ರಾನ್ಸೀವರುಗಳು ಈಗ ಸಿಗುತ್ತವೆ. 24 ವೋಲ್ಟ್ ಪಕ್ಕದಲ್ಲೇ ಇರುವ ಪಂಪು ಮನೆ ಅಥವಾ ಭಾರಿ ವಾಹನಕ್ಕೆ ಇದೇ ಒಳ್ಳೆಯ ಆಯ್ಕೆ.

ಹೊರಾಂಗಣದ ಉದ್ದ ತಂತಿಗೆ ಎಲ್ಲಕ್ಕಿಂತ ಮೊದಲು ಅನಿಲ ತುಂಬಿದ ಕಿಡಿ ನಳಿಗೆಯನ್ನೂ ಇಡುತ್ತಾರೆ. ಅದು 1902ರ ಕಿಡಿಯಂತರದ ಮೊಮ್ಮಗ. ಹೊರಗಿನಿಂದ ಒಳಗೆ ಕ್ರಮ ಹೀಗಿರಲಿ: ತಂತಿಯ ಜೋಡಣೆ, ಕಿಡಿ ನಳಿಗೆ, ಪಿಟಿಸಿ ಫ್ಯೂಸು, ಟಿವಿಎಸ್ ಡಯೋಡು, 10 ಓಮಿನ ರೋಧಕ, ಕೊನೆಗೆ ಚಿಪ್. ಕಿಡಿ ನಳಿಗೆಯ ಇನ್ನೊಂದು ತುದಿ ಭೂಮಿಯಲ್ಲಿ ಹೂತ ಅರ್ತಿಗೆ ಹೋಗಬೇಕು. ಗ್ರೌಂಡ್ ಎಂದರೆ ಸರ್ಕೀಟಿನ ಸೊನ್ನೆಯ ತಂತಿ, ಅರ್ತ್ ಎಂದರೆ ನಿಜವಾದ ಭೂಮಿ. ಬ್ಯಾಟರಿ ಪೆಟ್ಟಿಗೆಗೆ ತನ್ನದೇ ಅರ್ತ್ ಇರುವುದಿಲ್ಲವಾದ್ದರಿಂದ, ಎರಡು ಸಂದೇಶದ ತಂತಿಗಳ ಜೊತೆಗೆ ಮೂರನೆಯದಾಗಿ ಗ್ರೌಂಡಿನ ತಂತಿಯನ್ನೂ ಎಳೆಯುವುದನ್ನು ಮರೆಯಬೇಡಿ.

ಇಷ್ಟೆಲ್ಲ ಮಾಡಿದರೂ ನೇರವಾಗಿ ಬಡಿಯುವ ಸಿಡಿಲನ್ನು ಈ ಪುಟ್ಟ ಭಾಗಗಳು ತಡೆಯಲಾರವು. ಗುಡುಗು ಶುರುವಾಗುವ ಮೊದಲೇ ತಂತಿಯನ್ನು ಕಳಚಿಡಿ. ಶುರುವಾದ ಮೇಲೆ ಅದನ್ನು ಮುಟ್ಟಬೇಡಿ.

ನೀವೇ ಮಾಡಿ ನೋಡಿ

ಮನೆಯ ಕರೆಂಟಿನ ಗೊಡವೆ ಬೇಡ, ಸೆಲ್ಲುಗಳೇ ಸಾಕು. 1.5 ವೋಲ್ಟಿನ ಎರಡು ಸೆಲ್ಲುಗಳನ್ನು ಸಾಲಾಗಿ ಜೋಡಿಸಿ, ಒಂದು ಸಿಲಿಕಾನ್ ಡಯೋಡಿನ ಮೂಲಕ 100 ಮೈಕ್ರೋಫ್ಯಾರಡ್, 16 ವೋಲ್ಟಿನ ಕೆಪಾಸಿಟರಿಗೆ ಕೊಡಿ. ಕೆಪಾಸಿಟರಿನ ಪ್ಲಸ್, ಮೈನಸ್ ಅದಲುಬದಲಾಗದಿರಲಿ. ಅದಕ್ಕೆ ಅಡ್ಡಲಾಗಿ 100 ಕಿಲೋಓಮಿನ ರೋಧಕ ಹಾಕಿ. ಇದು ನಿದ್ರಿಸುತ್ತಿರುವ ಉಪಕರಣದ ಹಳಿ. ಡಯೋಡು ಇರುವುದರಿಂದ ಹಿಂದಕ್ಕೆ ಬಂದದ್ದನ್ನು ಸೆಲ್ಲುಗಳು ತೆಗೆದುಕೊಳ್ಳವು. ಮೀಟರಿನಲ್ಲಿ ಸುಮಾರು 2.5 ವೋಲ್ಟ್ ಕಾಣುತ್ತದೆ. ಈಗ 9 ವೋಲ್ಟಿನ ಬ್ಯಾಟರಿಯ ಮೈನಸ್ಸನ್ನು ಕೆಪಾಸಿಟರಿನ ಮೈನಸ್ಸಿಗೆ ಸೇರಿಸಿ. ಅದರ ಪ್ಲಸ್ಸಿನಿಂದ 1 ಕಿಲೋಓಮ್ ಮತ್ತು ಇನ್ನೊಂದು ಡಯೋಡಿನ ಮೂಲಕ ಹಳಿಯನ್ನು ಮುಟ್ಟಿಸಿ. ಮೀಟರು 8 ವೋಲ್ಟನ್ನು ದಾಟುತ್ತದೆ. ಕೊನೆಯಲ್ಲಿ 4.7 ವೋಲ್ಟಿನ ಜೀನರನ್ನು, ಅದರ ಗೆರೆಯಿರುವ ತುದಿ ಪ್ಲಸ್ ಕಡೆಗಿರುವಂತೆ, ಹಳಿಗೆ ಅಡ್ಡಲಾಗಿ ಹಾಕಿ. ವೋಲ್ಟೇಜು 5ಕ್ಕಿಂತ ಕೆಳಗೆ ಇಳಿಯುತ್ತದೆ. 9 ವೋಲ್ಟನ್ನು ತೆಗೆದ ನಂತರ ಜೀನರಿನ ಸೋರಿಕೆಯನ್ನೂ ಅಳೆದು ಬರೆದುಕೊಳ್ಳಿ.

ಮುಂದೆ ಯಾವುದೇ ಸರ್ಕೀಟಿನ ನಕ್ಷೆ ಕೈಗೆ ಬಂದರೂ, ತಂತಿ ಒಳಬರುವ ಕಡೆ ಬೆರಳಿಟ್ಟು ಉಕ್ಕಿ ಬಂದ ಕರೆಂಟಿನ ಜೊತೆಗೇ ನಡೆಯಿರಿ. ಅದು ಬಂದ ಜಾಗಕ್ಕೆ ಮರಳುವವರೆಗೆ ಬೆರಳನ್ನು ಎತ್ತಬೇಡಿ. ನಡುವೆ ಎಲ್ಲಿಯಾದರೂ ದಾರಿ ಮುಗಿದುಹೋದರೆ, ಒಡೆಯುವ ಏರಿ ಅಲ್ಲಿಯೇ ಇದೆ.